ಹನ್ನೆರಡು ಜಾಡಿ

ಅವರು ಬಂದಾಗ ನಾನು ಬೀನ್ಸ್ ಜಾಡಿಗಳನ್ನು
ಕುದಿನೀರಿಂದ ಎತ್ತಿ ಮೇಜಿನ ಮೇಲಿಟ್ಟಿದ್ದೆ,
ಕೆಳಗೆ ಹಳೆಯ ಟವೆಲ್. ಒಟ್ಟು ಹನ್ನೆರಡು.
ತಣ್ಣಗಾಗುತ್ತ ಮುಚ್ಚಳ ಒಳಕ್ಕೆ ಕಚ್ಚಿಕೊಳ್ಳುತ್ತದೆ,
ಕಚ್ಚಿದಾಗ ಟಕ್ ಅನ್ನುತ್ತದೆ.
ಎಣಿಸುವುದು ಅಮ್ಮನಿಂದ ಬಂದ ಚಾಳಿ.
ಐದು ಆಗಿತ್ತು.

ಬೂದು ಬಣ್ಣದ ಕಾರು, ಕಣಿವೆಯ ಈ ತುದಿಗೆ
ದಾರಿ ತಪ್ಪಿದವರಷ್ಟೇ ಬರುವುದು.
ನಾಯಿ ಬೊಗಳಲಿಲ್ಲ. ಅದಕ್ಕೂ ವಯಸ್ಸಾಯಿತು.
ಇಬ್ಬರು. ಒಬ್ಬ ನಮ್ಮ ಓರಗೆಯವನು, ಟೋಪಿ ತೆಗೆದ.
ಇನ್ನೊಬ್ಬನಿಗೆ ಮೀಸೆ ಇನ್ನೂ ನೆಟ್ಟಗೆ ಬಂದಿರಲಿಲ್ಲ.
ಇಬ್ಬರ ಜಾಕೆಟ್ಟಿನ ಕೆಳಗೂ ಒಂದೊಂದು ಉಬ್ಬು.

ಹೋಬರ್ಟ್ ಹೊರಗೆ ಹೋಗಿ
ಬೆನ್ನ ಹಿಂದೆ ಬಾಗಿಲು ಎಳೆದುಕೊಂಡ.
ಸೋದರತ್ತೆಯ ಮಗ ಚಾರ್ಲ್ಸ್ಟನ್‌ನಲ್ಲಿ ವಕೀಲ, ಅವನ ಪಾಠ:
ಬಾಗಿಲು ತೆರೆದಿಟ್ಟರೆ ಮೊದಲು ಕಣ್ಣು ಒಳಗೆ ಬರುತ್ತದೆ,
ಕಣ್ಣಿನ ಹಿಂದೆ ಕಾಲು.

"ಮೂರು ವರ್ಷದ ಹಿಂದೆ, ಪ್ರೂಯಿಟ್ ಅವರೇ,
ಒಂದೇ ದಿನ ಎರಡು ರೈಫಲ್ ಕೊಂಡಿದ್ದೀರಿ.
ತಂದು ತೋರಿಸಿ, ನಂಬರ್ ನೋಡಿ ಹೊರಡುತ್ತೇವೆ. ಐದೇ ನಿಮಿಷ."
"ವಾರಂಟ್ ಇದೆಯಾ?"
"ವಾರಂಟ್ ತರುವಂಥದ್ದೇನೂ ಅಲ್ಲ."
"ಹಾಗಾದರೆ ತೋರಿಸುವಂಥದ್ದೂ ಅಲ್ಲ."

ಟಕ್.

ಆರನೆಯದು. ನನ್ನ ಅಡುಗೆಮನೆಯ ಮುಚ್ಚಳ, ಅಷ್ಟೇ.
ಹುಡುಗನ ಕೈ ಜಾಕೆಟ್ಟಿನೊಳಗೆ ಹೋಗಿ
ಅಲ್ಲೇ ನಿಂತುಬಿಟ್ಟಿತು.
ಹೋಬರ್ಟ್‌ನ ಅಂಗೈಗಳು ತಾವಾಗಿ ತೆರೆದುಕೊಂಡವು,
ಹನಿ ಬೀಳುತ್ತಿದೆಯಾ ಎಂದು ನೋಡುವವನ ಹಾಗೆ.
ಕಿಟಕಿಯಿಂದ ಕೂಗಿದೆ: "ಬೀನ್ಸ್! ಬೀನ್ಸ್ ಜಾಡಿ!"
ಸಂವಿಧಾನದ ಸಾಲುಗಳು ಬಾಯಿಪಾಠ ನನಗೆ,
ಶಾಲೆಯಲ್ಲಿ ಬಹುಮಾನ ಬಂದಿತ್ತು.
ಗಂಡನ ಜೀವಕ್ಕೆ ಅಡ್ಡ ಹಿಡಿಯಲು ನಾಲಿಗೆಗೆ ಸಿಕ್ಕಿದ್ದು
ಒಂದು ತರಕಾರಿಯ ಹೆಸರು.

ಹಿರಿಯವನು ಹುಡುಗನ ಮೊಣಕೈ ಮುಟ್ಟಿದ.
ಕೈ ಹೊರಬಂತು, ಬರಿಗೈ.
"ಮುಚ್ಚಿಡಲು ಏನೂ ಇಲ್ಲ ಅಂದಮೇಲೆ..."
ಎಂದ, ಮೆತ್ತಗೆ.

ಇದೆ. ಮುಚ್ಚಿಡಲು ಇದೆ.
ಒಂದು ರೈಫಲ್ ಕಬ್ಬಿಣದ ಕಪಾಟಿನಲ್ಲಿ
ಎಣ್ಣೆ ಹಚ್ಚಿಸಿಕೊಂಡು ಜಿಂಕೆಯ ಕಾಲಕ್ಕೆ ಕಾಯುತ್ತಿದೆ.
ಇನ್ನೊಂದು ತಮ್ಮ ಲೈಲ್‌ನ ಹುಟ್ಟುಹಬ್ಬಕ್ಕೆಂದು ತಂದದ್ದು.
ಆ ಜನವರಿಯಲ್ಲಿ ಲೈಲ್ ಅದನ್ನು ಹಿಡಿದು
ಒಬ್ಬನೇ ಹುಲ್ಲುಕೊಟ್ಟಿಗೆಗೆ ನಡೆದ.
ಷೆರಿಫ್ ಚೀಟಿ ಕಟ್ಟಿ ನಮಗೇ ಹಿಂದಿರುಗಿಸಿದರು,
ಆ ಚೀಟಿ ಇವರ ಆಫೀಸಿನವರೆಗೆ ನಡೆದು ಹೋಗಿಲ್ಲ.
ಒಂದು ರಾತ್ರಿ ಶೆಡ್ಡಿನಲ್ಲಿ ಗ್ಯಾಸ್ ಕಟರ್ ಉರಿಯಿತು.
ಸೇತುವೆಯ ಮೇಲೆ ನಮ್ಮ ಟ್ರಕ್ ನಿಂತಿತ್ತು
ಎಂದು ಮರದ ಮಿಲ್ಲಿನವರು ಆಮೇಲೆ ಹೇಳಿದರು.
ನನಗವನು ಹೇಳಿಲ್ಲ.
ಬೂಟಿನ ತಳದ ಲೋಹದ ಪುಡಿ ಗುಡಿಸಿದವಳು ನಾನು.

ಅಪರಾಧ ಎಳ್ಳಷ್ಟೂ ಇಲ್ಲ.
ಬಾಯಿ ಬಿಟ್ಟಿದ್ದರೆ ಟೋಪಿಯವನು ತಲೆ ತಗ್ಗಿಸಿ ಹೋಗುತ್ತಿದ್ದ.
ಆದರೆ ಹೆಂಡತಿಗೆ ಹೇಳದ್ದನ್ನು
ಕಾರಿನ ಬಾಗಿಲು ತೆರೆದೇ ಇಟ್ಟು ಬಂದವರಿಗೆ ಹೇಳಬೇಕೆ?

ಇನ್ನೊಂದು ಮಾತು.
ಆ ಜನವರಿಯ ರಾತ್ರಿ ಯಾರಾದರೂ ಬಂದು,
ವಾರಂಟ್ ಇಲ್ಲದಿದ್ದರೂ ಸರಿ,
ಲೈಲ್‌ನ ಬಾಗಿಲು ಒದ್ದು ಒಳನುಗ್ಗಬಾರದಿತ್ತೇ
ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.
ಇದನ್ನು ನಾನು ಹೋಬರ್ಟ್‌ಗೆ ಹೇಳಿಲ್ಲ.
ನನಗೂ ಒಂದು ಕಪಾಟಿದೆ.

ಕಾರ್ಡು ಕೊಟ್ಟು ಹೋದರು. ತಿರುವಿನವರೆಗೂ ಧೂಳು.
ಅವನು ಒಳಗೆ ಬಂದು ಕೂತ.
ಗಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಕೈ,
ಕಾಫಿ ಲೋಟ ಹಿಡಿಯಲಾರದೆ ಮೇಜಿಗೆ ತಾಕಿಸುತ್ತಿತ್ತು.
"ಹೇಳಬಹುದಿತ್ತು," ಅಂದೆ.
"ಹೇಳಬಹುದಿತ್ತು," ಅಂದ.

ಕತ್ತಲಾಗುವ ಹೊತ್ತಿಗೆ ಹನ್ನೊಂದು ಕಚ್ಚಿದವು.
ಒಂದರ ಮುಚ್ಚಳ ಬೆರಳಿಟ್ಟರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ.
ಅಂಥದ್ದನ್ನು ಚಳಿಗಾಲಕ್ಕೆ ಇಡುವಂತಿಲ್ಲ.
ಆಗಲೇ ತೆರೆದು, ಬೆಣ್ಣೆ ಹಾಕಿ ಬಿಸಿ ಮಾಡಿ
ಇಬ್ಬರೂ ತಿಂದೆವು, ಉಪ್ಪು ಸ್ವಲ್ಪ ಹೆಚ್ಚಾಗಿತ್ತು.