ಎಸ್ಟಿಮೇಟು

ಕೂಳೂರು ಸೇತುವೆಯ ನಟ್ಟನಡುವೆ
ಆಲ್ಟೊ ಒಮ್ಮೆ ಬಿಕ್ಕಿತು. ಮತ್ತೆ ಬಿಕ್ಕಲಿಲ್ಲ.
ಬಾನೆಟ್ಟಿನ ಸಂದಿಯಲ್ಲಿ ಹಬೆ,
ಮೂಡೆ ಬೆಂದಿತಾ ಅಂತ ಮುಚ್ಚಳ ಎತ್ತಿ ನೋಡಿದ ಹಾಗೆ.
ಹಿಂದೆ ಗ್ಯಾಸ್ ಟ್ಯಾಂಕರು, ಅದರ ಹಿಂದೆ ಸುರತ್ಕಲ್ ಬಸ್ಸು.
ಕಂಡಕ್ಟರ್ ಇಳಿದು ಬಂದು ನೂಕಿದ,
ನೂಕುತ್ತಲೇ ಬೈದ,
ಎರಡೂ ಕೆಲಸ ಮನಸ್ಸಿಟ್ಟು ಮಾಡಿದ.

ಕೊಟ್ಟಾರದ ಗ್ಯಾರೇಜು. ಹಿಲರಿ ಬಗ್ಗಿ ನೋಡಿದ್ದು
ನನ್ನ ಲೆಕ್ಕದಲ್ಲಿ ಹನ್ನೊಂದು ಸೆಕೆಂಡು.
ಟಾರ್ಚು ಕೂಡ ಹಾಕಲಿಲ್ಲ.
"ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ. ಇಂಜಿನ್ ಇಳಿಸ್ಬೇಕು.
ಒಳಗೆ ಇನ್ನೆಂತ ಉಂಟು ಅಂತ
ಬಿಚ್ಚಿದ ಮೇಲೆಯೇ ಗೊತ್ತಾಗುದು."
"ಇಳಿಸದಿದ್ರೆ?"
"ಓಡ್ತದೆ. ಎಲ್ಲಿವರೆಗೆ ಅಂತ ಹೇಳ್ಲಿಕ್ಕೆ ನಾನು ದೇವರಲ್ಲ."

ಚೀಟಿಯಲ್ಲಿ ಇಪ್ಪತ್ತಮೂರು ಸಾವಿರ,
ಅದರ ಕೆಳಗೊಂದು ಪ್ಲಸ್ಸು,
ಪ್ಲಸ್ಸಿನ ಮುಂದೆ ಖಾಲಿ.

ಆ ಖಾಲಿ ಜಾಗ ನನಗೆ ಗೊತ್ತು.
ಹದಿನಾಲ್ಕು ವರ್ಷದಿಂದ ಕಂಕನಾಡಿಯಲ್ಲಿ
ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿದ್ದೇನೆ.
ಗಾಜಿನ ಅರ್ಧಚಂದ್ರದ ತೂತಿನಿಂದ
ನಾನೂ ಇಂಥದೇ ಕಾಗದ ದಾಟಿಸುತ್ತೇನೆ.
ಜನ ಅದನ್ನು ಓದುವುದಿಲ್ಲ, ಮಡಚುತ್ತಾರೆ.
ಎರಡು ಮಡಿಕೆ, ನಾಲ್ಕು, ಎಂಟು,
ಕಾಗದ ಸಣ್ಣದಾದಷ್ಟೂ ಮೊತ್ತ ಇಳಿದೀತು ಎಂಬಂತೆ.

ನಾನೂ ಮಡಚಿದೆ.
"ಮನೆಯಲ್ಲಿ ಕೇಳಿ ಹೇಳ್ತೇನೆ" ಅಂದೆ,
ಅವರೆಲ್ಲ ನನಗೆ ಹೇಳುವ ಹಾಗೆಯೇ.
ಮನೆಯಲ್ಲಿ ಇರುವುದು ಒಂದು ಬೆಕ್ಕು.

ಗೇಟಿನ ಬಳಿ ಟಯರಿಗೆ ಗಾಳಿ ಹೊಡೆಯುತ್ತಿದ್ದ ಹುಡುಗ ಅನ್ಸಾಫ್
ತಲೆ ಎತ್ತದೆ ಅಂದ:
"ಅಕ್ಕ, ಅಶೋಕನಗರದ ಕೊರಗಪ್ಪಣ್ಣನಿಗೊಮ್ಮೆ ತೋರಿಸಿ.
ನಾನು ಹೇಳಿದ್ದು ಅಂತ ಹೇಳ್ಬೇಡಿ."

ನೀರು ಹೊಯ್ದು, ನಿಲ್ಲಿಸಿ, ಮತ್ತೆ ಹೊಯ್ದು ತಲುಪಿದೆ.
ಕೊರಗಪ್ಪಣ್ಣ ಅಂಬಾಸಿಡರ್ ಕಾಲದವರು.
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿದರು.
ಬಂಗುಡೆ ಮಾರುವವ ಹಾರ್ನ್ ಬಾರಿಸುತ್ತಾ ಹೋದ,
ತೆರೆಯಲಿಲ್ಲ.
ಆಮೇಲೆ ಒಂದು ರಬ್ಬರ್ ಪೈಪು ಎತ್ತಿ ತೋರಿಸಿದರು:
ಬಾಯಿ ಬಿಟ್ಟ ಕ್ಲಿಪ್ಪು.
ಅರುವತ್ತು ರೂಪಾಯಿ. ನೂರು ಕೊಟ್ಟೆ,
ಅಂಗಿ ಕಿಸೆಯೆಲ್ಲ ತಡಕಿ ನಲ್ವತ್ತು ವಾಪಸು ಕೊಟ್ಟರು.
"ಮತ್ತೆ ಗ್ಯಾಸ್ಕೆಟ್?"
"ಇರ್ಲಿಕ್ಕೂ ಸಾಕು. ನನಗೆ ಕೇಳಿಸ್ಲಿಲ್ಲ.
ಎಡಗಿವಿ ಈಗ ಸ್ವಲ್ಪ ಮಂದ."

ಹಿಡಿ ಯಾವ ಕಿವಿಗೆ ಇಟ್ಟಿದ್ದರು ಅಂತ
ಮನೆ ಮುಟ್ಟುವವರೆಗೂ ನೆನಪು ಮಾಡಿಕೊಂಡೆ.

ಸೋಮವಾರ ಗಾಜಿನಾಚೆ ಗುರುಪುರದ ಹೆಂಗಸು,
ಬೀಡಿ ಸುತ್ತಿ ಸುತ್ತಿ ನುಣುಪಾದ ಬೆರಳು.
ಎಂಆರ್‌ಐ ಚೀಟಿಯನ್ನು ನನ್ನ ಕಡೆಗೇ ದೂಡಿ,
"ಇದು ಬೇಕೇ ಬೇಕಾ ಅಕ್ಕ?"

ನಾನು ಡಾಕ್ಟರಲ್ಲ ಅನ್ನಬಹುದಿತ್ತು,
ಹದಿನಾಲ್ಕು ವರ್ಷ ಅಂದದ್ದು ಅದನ್ನೇ.
ಪ್ರಿಂಟರು ಕಾಗದ ಉಗುಳುತ್ತಿತ್ತು. ಅವರ ಹಿಂದೆ ಬಾಗಿಲ ತನಕ ಸಾಲು.
"ಇನ್ನೊಬ್ಬರಿಗೆ ಒಮ್ಮೆ ತೋರಿಸಿ," ತಲೆ ಎತ್ತದೆ ಅಂದೆ,
"ನಾನು ಹೇಳಿದ್ದು ಅಂತ ಹೇಳ್ಬೇಡಿ."
ಅವರು ಚೀಟಿ ಮಡಚಲಿಲ್ಲ. ಹಾಗೆಯೇ ಹಿಡಿದುಕೊಂಡು ಹೋದರು.

ಈಗ ಬಿಜೈಯಿಂದ ಕದ್ರಿಗೆ ಏರು ಹತ್ತುವಾಗ
ನನ್ನ ಒಂದು ಕಣ್ಣು ರಸ್ತೆಗೆ, ಒಂದು ಸೂಜಿಗೆ.
ನಡುವಿನಲ್ಲೇ ಉಂಟು ಸೂಜಿ.
ಕೂದಲೆಳೆಯಷ್ಟು ಮೇಲೆ ಇದ್ದರೂ ಇರಬಹುದು.

ಆ ಹೆಂಗಸು ಮತ್ತೆ ಬಂದಿಲ್ಲ.