ಆವಿಗೆ ಸಿಕ್ಕಿದ ಬಗೆ

ಕಾರ್ಟೆಜ್ ಊರಾಚೆ, ಬೀನ್ಸ್ ಹೊಲದ ಅಂಚಿನಲ್ಲಿ
ಟ್ರ್ಯಾಕ್ಟರಿನ ನೇಗಿಲು ಏನಕ್ಕೋ ತಾಗಿ
ಕಿರ್ರೆಂದು ನಿಂತಿತು.
ಬೈದುಕೊಂಡೇ ಇಳಿದ ಡ್ವೈಟ್ ಹಾಲ್ವರ್ಸನ್.
ಕಲ್ಲಲ್ಲ, ಕಲ್ಲಿನ ಸಾಲು:
ನೆಟ್ಟಗೆ ಹೂತ ಚಪ್ಪಡಿಗಳು, ಮೈಯೆಲ್ಲ ಕೆಂಪಗೆ ಬೆಂದವು,
ನಡುವೆ ಮಂಡಿಯಾಳದ ಮಸಿ.

ನಮಗೆ ಫೋನು ಬಂತು.
ಗೋರಿ ಇರಬೇಕು, ಅಂದ ಆತ, ಟೋಪಿ ತೆಗೆದು.
ಟೇಪು ಜೀಪಿನಲ್ಲೇ ಉಳಿದಿತ್ತು; ಮಲಗಿಯೇ ಅಳೆದೆ.
ಉದ್ದಕ್ಕೆ ನನ್ನಂಥ ಮೂವರು.
ಗೋರಿಯಲ್ಲ ಮಾರಾಯ, ಆವಿಗೆ.

ಮುಸುಕಿನ ಜೋಳ ಬಿತ್ತಿ, ಅವರೆ ಹಬ್ಬಿಸಿ
ಒಂದೆಡೆ ಕೂತುಂಡ ಜನಕ್ಕೆ
ಬುಟ್ಟಿ ಸಾಲದಾಯಿತು.
ಮೊದಮೊದಲು ಬಯಲಲ್ಲೇ ಸುಟ್ಟರು,
ಒಂದು ಮಗ್ಗುಲು ಸೀದು, ಇನ್ನೊಂದು ಹಸಿ.
ಎಷ್ಟೋ ತಲೆಮಾರು ಕಳೆದು ಯಾರಿಗೋ ಹೊಳೆಯಿತು:
ಬೆಂಕಿಯನ್ನೂ ಬಿತ್ತಬೇಕು,
ಸಾಲು ತೋಡಿ.

ಮನೆಯಿಂದ ದೂರ, ಸೌದೆಗೆ ಹತ್ತಿರ.
ಜುನಿಪರ್ ಉರಿಸಿ ಕೆಂಡ ಹಾಸಿ
ಕೆಂಡದ ಮೇಲೆ ಕಲ್ಲು, ಕಲ್ಲಿನ ಮೇಲೆ ಹೂಜಿ,
ಹೂಜಿಗೆ ಹೋದವರ್ಷ ಒಡೆದ ಚೂರುಗಳ ಸೆರಗು.
ಮತ್ತೆ ಸೌದೆ. ಮತ್ತೆ ಕಾಯುವುದು.
ಉರಿ ಇಳಿಯುವ ಆ ಒಂದು ಗಳಿಗೆಗೆ
ಮಣ್ಣೆಳೆದು ಮುಚ್ಚಬೇಕು. ತಡವಾದರೆ
ಸೊಪ್ಪಿನ ರಸದಲ್ಲಿ ಬರೆದ ಕರಿಗೆರೆ ಹಾರಿಹೋಗಿ
ಬರೀ ಗಡಿಗೆ ಉಳಿಯುತ್ತದೆ,
ಹೆಸರು ಮರೆತವರ ಹಾಗೆ.

ಹೋಪಿ ಸೀಮೆಯಿಂದ ಅರ್ಲೀನಮ್ಮ ಬಂದಳು,
ಇವರ ವಂಶದವಳು, ಈಗಲೂ ಕೈಯಲ್ಲೇ ತಟ್ಟುವವಳು.
ಚೂರೊಂದನ್ನು ಕೆನ್ನೆಗೆ ಒತ್ತಿಕೊಂಡು
"ಅವಸರದವಳು," ಅಂದಳು, "ಬೇಗ ತೆಗೆದಿದ್ದಾಳೆ."
ನೀವು ಹೀಗೇ ಸುಡುತ್ತೀರಾ, ಕೇಳಿದೆ.
"ಇಲ್ಲ. ಬಯಲಲ್ಲಿ, ಕುರಿಹಿಕ್ಕೆಯಲ್ಲಿ.
ಮರ ಮುಗಿದ ಕಡೆ ಯಾರು ತೋಡುತ್ತಾರೆ ಇಷ್ಟುದ್ದ?"
ಮುಂದೆ ಮುಂದೆ ಹೋಗುತ್ತದೆಂದು ನಾನು ಬರೆದುಕೊಂಡಿದ್ದ
ಬಾಣದ ಗುರುತನ್ನು
ಮೆಲ್ಲಗೆ ಹೊಡೆದುಹಾಕಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ:
ನಮ್ಮ ಗಾದೆಯನ್ನು ತಿರುಗಿಸಿ ಹೇಳಿದೆ.
ನಕ್ಕಳು. "ದೊಣ್ಣೆ ಯಾಕೆ? ಒಂದು ಸುಯ್ಯೆನ್ನುವ ಗಾಳಿ ಸಾಕು."

ಚೆನ್ನಾಗಿ ಬೆಂದದ್ದು ಒಂದೂ ಇಲ್ಲಿಲ್ಲ.
ಅವೆಲ್ಲ ಬೆನ್ನೇರಿ, ತಲೆಯೇರಿ
ನೀರಿಗೆ, ನೆಂಟಸ್ತಿಕೆಗೆ, ಕಣಜಕ್ಕೆ ಹೊರಟುಹೋದವು.
ಸೀಳಿದ್ದು, ಉಬ್ಬಿದ್ದು, ಕಂಠ ಕಳಚಿದ್ದು
ಇಲ್ಲೇ ಬಿದ್ದು
ಎಂಟುನೂರು ಚಳಿಗಾಲ ವಿಳಾಸ ಕಾದವು.

ಸಂಜೆಗೆ ನಕ್ಷೆ ಬರೆದು ಮತ್ತೆ ಮಣ್ಣು ಮುಚ್ಚಿದೆವು.
ಡ್ವೈಟ್ ಗೂಟ ನೆಟ್ಟ, ಹತ್ತು ಅಡಿ ಆಚೆಗೆ.
ಅಷ್ಟು ನೆಲದ ಬೀನ್ಸಿಗೆ ಎಷ್ಟು ಬರುತ್ತಿತ್ತೆಂದು
ತುಟಿಯಲ್ಲೇ ಎಣಿಸಿದ್ದು ಕಾಣಿಸಿತು.
ಹೇಳಲಿಲ್ಲ.