ಕಡಕ್ ರೊಟ್ಟಿಗೆ ಹದಿನೈದು ಸೆಕೆಂಡ್

ಬೆಳಕಿದ್ದಾಗ ಶಹಾಬಜಾರ ಸುಮ್ಮಕಿರಂಗಿಲ್ಲ.
ಸುಮ್ಮಕಿದ್ದಾಗ ಬೆಳಕಿರಂಗಿಲ್ಲ.
ಇದ ನೋಡ್ರಿ ನಮ್ಮ ಮೊದಲನೇ ತ್ರಾಸ.

ಅಕ್ಕನ ಮಗ ರೇವಣಸಿದ್ದ ಫೋನ್ ತಂದು
ತೊಗರಿಬ್ಯಾಳಿ ಡಬ್ಬಿಗಿ ಆನಿಸಿಟ್ಟ.
ಡಬ್ಬಿ ಹಗುರಾಗ್ಯದ, ಅಲ್ಲಾಡ್ತದ, ಬ್ಯಾಳಿ ಹಾಕು ಚಿಗವ್ವ, ಅಂದ.
ಎರಡು ಸೇರು ಸುರುವಿದೆ. ಆಗ ನಿಂತಿತು.

ಕಿಡಕಿಗಿ ನಮ್ಮ ಮಾವನವರ ಬಿಳಿ ಧೋತರ ಕಟ್ಟಿದ.
ಕಲಬುರಗಿ ಬಿಸಲು ಭಾಳ ಖಾರ ಅಂತ,
ಜೋಳದ ಹಿಟ್ಟಿನಂಗ ಜರಡಿ ಹಿಡೀಬೇಕಂತ.
ಇದ್ದದ್ದೊಂದು ಒಣಗಿದ ಧೋತರ.
ಮಾವ ಟವಲ್ ಸುತಿಗೊಂಡು ಹೊರಗ ಕಟ್ಟಿ ಮ್ಯಾಲ ಕುಂತರು
ಶೂಟಿಂಗ್ ಮುಗಿಯೋತನಾ.

ಕೆಳಗ ಹಾಸಲಿಕ್ಕ ಸಂಗಮರಮರಿ ಛಾಪಿನ ಹಾಳಿ ತಂದಿದ್ದ,
ಸೂಪರ್ ಮಾರ್ಕೆಟಿನಾಗ ನೂರಾ ಎಂಬತ್ತು ರೂಪಾಯಿ.
ಅದರ ಮ್ಯಾಲ ನಮ್ಮ ರೊಟ್ಟಿ
ಸಾಹುಕಾರರ ಸೋಫಾದ ಮ್ಯಾಲ ಅಂಚಿಗಿ ಕುಂತ ಬೀಗತಿಯಂಗ ಕಾಣ್ತು.
ಹಾಳಿ ಸುತ್ತಿ ಮೂಲಿಗಿಟ್ಟು
ಶಹಾಬಾದಿ ಪರಶಿನೇ ಒದ್ದಿ ಅರಿವಿಲೆ ಒರೆಸಿದ.
ಕರಿ ನೆಲ, ಬಿಳಿ ರೊಟ್ಟಿ.
ಚಂದ್ರ ಕಂಡಂಗ ಕಾಣ್ತದ ಅಂದ ಅವ.
ನನಗ ರೊಟ್ಟಿನೇ ಕಂಡಿತು.

ಫ್ಯಾನ್ ಬಂದ್. ಫ್ರಿಜ್ ಬಂದ್.
ಮುರಿಯೋ ಸದ್ದು ಚೊಕ್ಕ ಬರಬೇಕು,
ಸದ್ದ ಮಾರ್ತದ ನೋಡು ಸರಕ, ಅಂತಾನ ಇಪ್ಪತ್ತರ ಹುಡುಗ.
ಮೊದಲನೇ ರೊಟ್ಟಿ ಮುರಿದೆ: ಕಸದ ಗಾಡಿ ಬಂತು, ಹಾಡಕೋತ.
ಎರಡನೇದಕ್ಕ ಬಾಜೂ ಮನಿ ಕುಕ್ಕರ್, ಮೂರು ಸೀಟಿ.
ಮೂರನೇದಕ್ಕ ಓಣಿಗೋಣಿನೇ ಸುಮ್ಮ ಆಗಿತ್ತು,
ಮಾವ ಕೆಮ್ಮಿದರು.
ನಾಕನೇದು ಮುರೀಲೇ ಇಲ್ಲ, ಬಾಗಿತು.
ಐದನೇದು
ಖಟಕ್!

ರೇವಣ್ಣ ಫೋನಿನಾಗ ನೋಡಿದ, ಸುಮ್ಮಾದ.
ಏನಾಯ್ತೋ?
ಸದ್ದು ಭಾರಿ ಅದ ಚಿಗವ್ವ. ಖರೇ, ಆದರ...
ತಿಳೀತು ನನಗ. ಕೈ.
ಮೂವತ್ತೊಂದು ವರ್ಷದ ಹಂಚು ಈ ಬಟ್ಟಿನ ಮ್ಯಾಲ ಬರದದ,
ಎಡಗೈ ಹೆಬ್ಬಟ್ಟಿಗಿ ಉಗರು ಅರ್ಧ.
ಬಡದು ಬಡದು ಅಂಗೈ ಅಗಲಾಗಿ
ಬಳಿ ಅಳತಿ ಎರಡು ಸಲ ಬದಲಾಗ್ಯದ.

ತಬಸ್ಸುಮ್‌ಗ ಕರದ್ವಿ, ಮ್ಯಾಲಿನ ಮನ್ಯಾಕಿ,
ಮದಿವಿ ಮನಿಗಳಿಗಿ ಹೋಗಿ ಮೆಹಂದಿ ಹಾಕ್ತಾಳ.
ಆಕಿ ಕೈ ಅಂದ್ರ ಈಗ ಮಜ್ಜಿಗಿಯಾಗಿಂದ ತಗದ ಬೆಣ್ಣಿ.
ಹ್ಯಾಂಗ ಮುರೀಬೇಕು ಮೌಸಿ, ಅಂದಳು.
ರೊಟ್ಟಿ ಮುರಿಯೋದು ಕಲಿಸ್ತಾರೇನವ್ವ ಯಾರರ!
ಕಲಿಸಿದೆ. ಎಂಟು ರೊಟ್ಟಿ ಹೋದವು.
ಪುಡಿ ಬಿತ್ತು, ಸದ್ದು ಬರಲಿಲ್ಲ.

ಕಡೀಕ ಹಿಂಗ ಮಾಡಿದ್ವಿ:
ಕೈ ಆಕಿದು. ಸದ್ದು ನಂದು, ಐದನೇದ್ದು.
ರಾತ್ರಿ ಕುಂತು ರೇವಣ್ಣ ಎರಡೂ ಕೂಡಿಸಿ ಹೊಲದ,
ಹೊಲಗಿ ಕಾಣದಂಗ.
ಕರಿ ನೆಲ, ಧೋತರದ ಬೆಳಕು, ಕೆಂಪು ಬಟ್ಟು, ಖಟಕ್,
ಎಳ್ಳಿನ ಎರಡು ಕಾಳು ಉದುರ್ತಾವ.
ಆ ಎಳ್ಳು ಮಾತ್ರ ಯಾರೂ ಹೇಳಿ ಮಾಡಿಸಿದ್ದಲ್ಲ.

ಮುರಿದ ಹದಿಮೂರೂ ರೊಟ್ಟಿ
ಶೇಂಗಾ ಹಿಂಡಿ, ಮೊಸರು ಹಾಕ್ಕೊಂಡು ಅಂದೇ ತಿಂದಿದ್ವಿ.
ತಬಸ್ಸುಮ್ ತಿನ್ನೋವಾಗ ಮುರೀತು ನೋಡ್ರಿ, ಖಟಕ್ ಅಂತ,
ಫೋನ್ ಚಾರ್ಜಿಗಿತ್ತು.
ಮಾವ ಧೋತರ ಉಟಗೊಂಡು ಒಳಗ ಬಂದು
ಧಂದೆದಾಗ ತಮ್ಮದೂ ಪಾಲದ ಅನ್ನೋಹಂಗ
ಒಂದು ತುಂಡು ಜಾಸ್ತಿ ತಗೊಂಡರು.

ಮೂರನೇ ದಿನ ಫೋನ್ ಬಂತು, ಸೇಡಂ ಕಡಿಂದ, ಯಾರೋ ಹೆಣ್ಮಗಳು.
ನೂರು ರೊಟ್ಟಿ ಬೇಕ್ರಿ. ಆದರ ಒಂದು ಮಾತು,
ವಿಡಿಯೋದಾಗ ಅವ ಅಲ್ಲ, ಆ ಕೈ,
ಅವರೇ ಬಡೀಬೇಕು.

ನನ್ನ ಕೈ ನೋಡಿಕೊಂಡೆ.
ಹಿಟ್ಟು ಹತ್ತಿತ್ತು. ಫೋನಿಗೂ ಹತ್ತಿತ್ತು.
ಹೌದ್ರಿ, ನಾನೇ, ಅಂದೆ.
ಎಳ್ಳು ಹಚ್ಚಿದ್ದು ಬೇಕೋ, ಹಚ್ಚಲಾರದ್ದೋ?